ಪಾಪ ಅಂದುಕೊಂಡು ಸುಮ್ಮನಿರಬೇಡಿ, ಮಗ್ಗುಲು ತಿರುಗಿಸಿ

ನರ್ಸಿಂಗ್ ಸೇರಿದ ಮೊದಲ ವರ್ಷ ದೀಪ ಹಿಡಿದು ಪ್ರತಿಜ್ಞೆ ಮಾಡುವಾಗ ನಮ್ಮ ಮಕ್ಕಳ ಕಣ್ಣು ತುಂಬಿ ಬರುತ್ತದೆ. ಒಳ್ಳೆಯದೇ. ನನ್ನ ತಲೆನೋವು ಶುರುವಾಗುವುದು ಅವರು ವಾರ್ಡಿಗೆ ಬಂದ ಮೇಲೆ.

"ಈ ಅಜ್ಜಿಗೆ ಮಗ್ಗುಲು ಬದಲಿಸಿದ್ದು ಎಷ್ಟು ಹೊತ್ತಿಗೆ?"

"ಇಲ್ಲ ಮ್ಯಾಮ್, ಮುಟ್ಟಿದರೆ ನರಳ್ತಾರೆ. ಪಾಪ ಅನ್ಸುತ್ತೆ."

ಪ್ರತಿ ಬ್ಯಾಚಿನಲ್ಲೂ ಇದೇ ಉತ್ತರ. ಸಿಟ್ಟು ಬರುತ್ತದೆ. ಆದರೆ ಹುಡುಗಿ ಬೆಳಗ್ಗೆಯಿಂದ ಅಜ್ಜಿಯ ಕೈ ಹಿಡಿದು ಕೂತಿರುತ್ತಾಳೆ, ಬೈಯಲು ಬಾಯಿ ಬರುವುದಿಲ್ಲ.

ಆದರೂ ಹೇಳಲೇಬೇಕು. ಒಂದೇ ಕಡೆ ಮಲಗಿದ್ದರೆ ಬೆನ್ನಿನ ಬುಡ, ಹಿಮ್ಮಡಿಗಳ ಮೇಲೆ ಭಾರ ಬಿದ್ದು ಅಲ್ಲಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಚರ್ಮ ಕೆಂಪಾಗುತ್ತದೆ. ಬೆರಳಲ್ಲಿ ಒತ್ತಿದಾಗಲೂ ಆ ಕೆಂಪು ಮಾಸದಿದ್ದರೆ ಬೆಡ್ ಸೋರ್, ಅಂದರೆ ಮಲಗಿದಲ್ಲೇ ಆಗುವ ಹುಣ್ಣು, ಶುರುವಾಗಿದೆ ಅಂತಲೇ ತಿಳಿಯಿರಿ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭಕ್ಕೆ ಕಾಣದು. ಮುಟ್ಟಿ ನೋಡಿ, ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ. ಅಲ್ಲಿ ಉಜ್ಜಬೇಡಿ, ಒಳಗೆ ಇನ್ನಷ್ಟು ಹಾಳಾಗುತ್ತದೆ. ಹಾಗೇ ಬಿಟ್ಟರೆ ಹುಣ್ಣು ಮೂಳೆಯವರೆಗೂ ಇಳಿಯಬಹುದು. ಆಗ ದಿನಾ ಡ್ರೆಸ್ಸಿಂಗ್. ಆ ನರಳಾಟವನ್ನು ನೋಡೋಕಾಗುತ್ತಾ?

ಸಾಮಾನ್ಯವಾಗಿ 2 ಗಂಟೆಗೊಮ್ಮೆ ತಿರುಗಿಸಿ ಅನ್ನುತ್ತೇವೆ. ರೋಗಿಯ ಸ್ಥಿತಿ, ಹಾಸಿಗೆ ನೋಡಿ ಇದು ಬದಲಾಗಬಹುದು. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಅಲುಗಾಡಿಸಬೇಡಿ.

ಹಾಗಾದರೆ ನೋವಿಗೇನು ಮಾಡೋದು? ನಿಮ್ಮ ಕರುಣೆ ಬೇಕಾಗಿರುವುದು ಇಲ್ಲೇ. ಡಾಕ್ಟರ್ ನೋವಿನ ಮಾತ್ರೆ ಬರೆದಿದ್ದರೆ ಮೊದಲೇ ಕೊಟ್ಟು, ನೋವು ಇಳಿದ ಮೇಲೆ ತಿರುಗಿಸಿ. ಪರದೆ ಎಳೆಯಿರಿ. ಏನು ಮಾಡುತ್ತೀರಿ ಅಂತ ಬಾಯಿಬಿಟ್ಟು ಹೇಳಿ. ಇಬ್ಬರು ಸೇರಿ ಶೀಟಿನ ಸಮೇತ ಎತ್ತಿ. ಎಳೆದಾಡಬೇಡಿ, ಚರ್ಮ ಕಿತ್ತು ಬರುತ್ತದೆ.

ಕಲಬುರಗಿ ಕಡೆಯ ಒಬ್ಬ ವಿದ್ಯಾರ್ಥಿ ಇದ್ದ. ಮಾತು ಕಮ್ಮಿ, ಮುಖ ಯಾವಾಗಲೂ ಗಂಟು. ಇವನಿಗೆ ಮನಸ್ಸೇ ಇಲ್ಲ ಅಂತ ಜೊತೆಯವರ ದೂರು. ಅವನು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡೇ ರೋಗಿಯನ್ನು ಮುಟ್ಟುತ್ತಿದ್ದ. "ಯಜಮಾನ್ರ, ಮನ್ಯಾಗ ಯಾವ ಮಗ್ಗಲಕ್ಕ ಮಲಗ್ತೀರಿ?" ಅಂತ ಕೇಳಿ, ರಾತ್ರಿ ನಿದ್ದೆಯ ಹೊತ್ತಿಗೆ ಆ ಮಗ್ಗುಲು ಬರುವ ಹಾಗೆ ಲೆಕ್ಕ ಹಾಕಿಕೊಳ್ಳುತ್ತಿದ್ದ. ಇದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ರಜೆ ಹಾಕಿದ ದಿನ ವಾರ್ಡಿನ ಅಜ್ಜಂದಿರು ಕೇಳುತ್ತಿದ್ದುದು ಅವನನ್ನೇ.

ಅಂದಹಾಗೆ, ತಿರುಗಿಸಿದ ಹೊತ್ತನ್ನೂ ಯಾವ ಮಗ್ಗುಲು ಅನ್ನುವುದನ್ನೂ ಚಾರ್ಟಿನಲ್ಲಿ ಬರೆಯಿರಿ. ಬರೆಯದಿದ್ದರೆ ನೈಟ್ ಡ್ಯೂಟಿಯವರು ಮತ್ತೆ ಅದೇ ಮಗ್ಗುಲಿಗೆ ಮಲಗಿಸುತ್ತಾರೆ.