ಧರ್ಮಾನಂದ ಕೋಸಂಬಿ: ಓದಿದ್ದೂ ಅದೇ, ಮಾಡಿದ್ದೂ ಅದೇ

ಕೋಸಂಬಿ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಇತಿಹಾಸಕಾರ ಡಿ.ಡಿ. ಕೋಸಂಬಿ, ಪರೀಕ್ಷೆಗೆ ಓದೋರಿಗೆ ಅಂತ ಬರೆದ ಈ ಟಿಪ್ಪಣಿ ಅವರ ಅಪ್ಪ, ಪಾಲಿ ವಿದ್ವಾಂಸ ಧರ್ಮಾನಂದರ ಬಗ್ಗೆ. ಹುಟ್ಟಿದ್ದು 1876ರಲ್ಲಿ, ಗೋವಾದ ಸಾಂಖವಾಳದಲ್ಲಿ. ಶಾಲೆ ಓದು ಅಂತ ಹೇಳ್ಕೊಳ್ಳೋಷ್ಟು ಇರ್ಲಿಲ್ಲ, ಮರಾಠಿಯಲ್ಲಿ ಬುದ್ಧನ ಬಗ್ಗೆ ಓದಿದ್ದೇ ತಲೆಗೆ ಹತ್ತಿ 1899ರಲ್ಲಿ ಹೆಂಡ್ತಿ ಮತ್ತೆ ಎಳೆ ಮಗಳನ್ನ ಬಿಟ್ಟು ಹೊರಟುಬಿಟ್ರು. (ಇದನ್ನ ದೊಡ್ಡ ತ್ಯಾಗ ಅಂತ ಹೊಗಳೋರೇ ಜಾಸ್ತಿ, ಮನೇಲಿ ಉಳಿದೋರ ಪಾಡೇನು ಅಂತ ಕೇಳೋರು ಕಮ್ಮಿ. ಮುಂದೆ ಸಂಸಾರದ ಜೊತೆ ಇದ್ರು, ಅದು ಬೇರೆ ಮಾತು.)

ಪುಣೆ, ಕಾಶಿ, ನೇಪಾಳ, ಬೋಧಗಯಾ, 1902ರಲ್ಲಿ ಸಿಂಹಳ (ಈಗಿನ ಶ್ರೀಲಂಕಾ), ಆಮೇಲೆ ಬರ್ಮಾ. ಇದನ್ನ ಸುಮ್ನೆ ಬಾಯಿಪಾಠ ಮಾಡ್ಬೇಡಿ, ಯಾಕೆ ಹೋದ್ರು ಅಂತ ನೋಡಿ. ಕಾಶಿಗೆ ಸಂಸ್ಕೃತಕ್ಕೆ. ಪಾಲಿ, ಅಂದ್ರೆ ಹಳೇ ಬೌದ್ಧ ಗ್ರಂಥಗಳ ಭಾಷೆ, ಕಲಿಸೋರು ಆಗ ನಮ್ಮ ದೇಶದಲ್ಲಿ ಸಿಗೋದೇ ಕಷ್ಟ, ಅದಕ್ಕೇ ಕೊಲಂಬೋದ ವಿದ್ಯೋದಯ ಪಿರಿವೇಣ (ಬೌದ್ಧ ಭಿಕ್ಷುಗಳ ವಿದ್ಯಾಪೀಠ), ಅಲ್ಲಿ ಸುಮಂಗಲ ಸ್ಥವಿರರು ಗುರು. ಬರ್ಮಾದಲ್ಲಿ ಧ್ಯಾನ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಹಾರ್ವರ್ಡ್‌ನಲ್ಲಿ ವಾರನ್ ಅನ್ನೋ ವಿದ್ವಾಂಸರು ವಿಸುದ್ಧಿಮಗ್ಗ ಅನ್ನೋ ಪಾಲಿ ಧ್ಯಾನಗ್ರಂಥದ ಸಂಪಾದನೆ ಅರ್ಧಕ್ಕೆ ಬಿಟ್ಟು 1899ರಲ್ಲಿ ತೀರಿಹೋಗಿದ್ರು. ಅದನ್ನ ಮುಗಿಸೋಕೆ ಕೋಸಂಬಿ ಅವರನ್ನ 1910ರಲ್ಲಿ ಕರೆಸ್ಕೊಂಡ್ರು, ಕರೆಸಿದ್ದು ಜೇಮ್ಸ್ ವುಡ್ಸ್, ಮುಂದೆ ಪತಂಜಲಿ ಯೋಗಸೂತ್ರವನ್ನ ಇಂಗ್ಲಿಷ್‌ಗೆ ತಂದವರೂ ಇವರೇ. ವಿಸುದ್ಧಿಮಗ್ಗ 5ನೇ ಶತಮಾನದಲ್ಲಿ ಬುದ್ಧಘೋಷ ಬರೆದದ್ದು, 23 ಅಧ್ಯಾಯ, ಶೀಲ ಸಮಾಧಿ ಪ್ರಜ್ಞೆ ಅಂತ ಮೂರು ಹಂತ, 40 ಧ್ಯಾನವಿಷಯ. ತತ್ವ ಅಂತ ಓದಕ್ಕೆ ಕೂತ್ರೆ ಬೋರ್ ಹೊಡಿಯುತ್ತೆ, ಯಾಕಂದ್ರೆ ಅದು ಕೂತು ಮಾಡೋರಿಗೆ ಅಂತ ಬರೆದಿರೋದು. ಪೃಥ್ವೀಕಸಿಣ, ಅಂದ್ರೆ ಮಣ್ಣಿನ ಬಿಲ್ಲೆ ಮೇಲೆ ಮನಸ್ಸು ನಿಲ್ಲಿಸೋ ಧ್ಯಾನ, ತಗೊಳ್ಳಿ: ಅರುಣೋದಯದ ಬಣ್ಣದ ಮಣ್ಣು ತಂದು ಹುಲ್ಲು ಬೇರು ಕಲ್ಲು ಎಲ್ಲಾ ಆರಿಸಿ ತೆಗೆದು, ಒಂದು ಗೇಣು ನಾಲ್ಕು ಬೆರಳು ಅಗಲದ ಗುಂಡನೆ ಬಿಲ್ಲೆ ಮಾಡಿ, ನುಣ್ಣಗೆ ಉಜ್ಜಿ, ಎರಡೂವರೆ ಮೊಳ ದೂರ ಕೂತು ನೋಡ್ಬೇಕು, ಕಣ್ಣು ಮುಚ್ಚಿದ್ರೂ ಅದೇ ಕಾಣೋವರೆಗೆ. ಉಸಿರಿನ ಧ್ಯಾನದಲ್ಲಿ ಎಣಿಕೆ ಐದಕ್ಕಿಂತ ಮೊದಲು ನಿಲ್ಲಿಸ್ಬಾರ್ದು, ಹತ್ತು ದಾಟ್ಬಾರ್ದು. ಧ್ಯಾನ ಮಾಡಿ ಬಂದ ಮನುಷ್ಯ ಇಂಥ ಸಾಲಿನ ಪಾಠಭೇದ (ಪ್ರತಿಯಿಂದ ಪ್ರತಿಗೆ ಬದಲಾಗೋ ಪದಗಳು) ತಿದ್ದೋಕೆ ಕೂರೋದಕ್ಕೂ ಬರೀ ವ್ಯಾಕರಣ ಗೊತ್ತಿರೋರು ಕೂರೋದಕ್ಕೂ ವ್ಯತ್ಯಾಸ ಇದೆ ಅಂತ ನನ್ನ ಅಭಿಪ್ರಾಯ.

ಯೋಗ ಓದೋರು ಇನ್ನೊಂದು ಗಮನಿಸಿ: ಆ 40ರಲ್ಲಿ ಬರೋ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಅದೇ ಕ್ರಮದಲ್ಲಿ ಯೋಗಸೂತ್ರದ ಮೊದಲ ಪಾದದ 33ನೇ ಸೂತ್ರದಲ್ಲೂ ಇದೆ.

ದುಡ್ಡಿನ ವಿಷಯದಲ್ಲೂ ಮನುಷ್ಯ ಓದಿದ ಹಾಗೇ ನಡೆದೋರು, ಕಲ್ಕತ್ತಾ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಬರೋಡಾ ಮಹಾರಾಜರು ಕೊಡ್ತೀನಂದ ತಿಂಗಳಿಗೆ 50 ರೂಪಾಯಿ ಒಪ್ಕೊಂಡ್ರು. ಫರ್ಗ್ಯುಸನ್ ಕಾಲೇಜಲ್ಲಿ ಪಾಲಿ ಪಾಠ, 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು, ಇವು ಒಂದೊಂದು ಸಾಲು ಬರೆದ್ರೆ ಸಾಕು. ವಿಸುದ್ಧಿಮಗ್ಗದ ಹಾರ್ವರ್ಡ್ ಆವೃತ್ತಿ ಮಾತ್ರ ಅಚ್ಚಾಗಿ ಬಂದಿದ್ದು 1950ರಲ್ಲಿ, ಅಷ್ಟೊತ್ತಿಗೆ ಇವರೇ ಇರ್ಲಿಲ್ಲ.

ಸಾವಿನ ಬಗ್ಗೆ ಬರೆಯುವಾಗ ಸ್ವಲ್ಪ ಹುಷಾರು. 1947ರ ಜೂನ್‌ನಲ್ಲಿ ಸೇವಾಗ್ರಾಮದಲ್ಲಿ ಊಟ ಬಿಟ್ಟು ಪ್ರಾಣ ಬಿಟ್ರು. ವಿಸುದ್ಧಿಮಗ್ಗ ಹೇಳೋ 13 ಧುತಾಂಗಗಳಲ್ಲಿ (ಭಿಕ್ಷುಗಳು ಕೈಗೊಳ್ಳೋ ಕಠಿಣ ವ್ರತಗಳು) ದಿನಕ್ಕೊಂದೇ ಹೊತ್ತು ಊಟ, ಚಿಂದಿಬಟ್ಟೆ, ಮರದಡಿ ವಾಸ, ಮಲಗದೆ ಕೂತೇ ಇರೋದು ಎಲ್ಲಾ ಇದೆ, ಆದ್ರೆ ಉಪವಾಸದಿಂದ ದೇಹ ಬಿಡೋದು ಇಲ್ಲ. ಅದು ಜೈನರ ಸಲ್ಲೇಖನದ ದಾರಿ, ಕೊನೆಕಾಲಕ್ಕೆ ಅವರು ಜೈನ ತೀರ್ಥಂಕರ ಪಾರ್ಶ್ವನಾಥನ ಚಾತುರ್ಯಾಮ (ನಾಲ್ಕು ವ್ರತಗಳ) ಧರ್ಮದ ಕಡೆ ತುಂಬಾ ವಾಲಿದ್ರು, ಅದರ ಬಗ್ಗೆ ಪುಸ್ತಕಾನೂ ಬರೆದಿದ್ರು. ಹಾಗಾಗಿ ಉತ್ತರದಲ್ಲಿ ಇದನ್ನ ಬೌದ್ಧ ಆಚಾರ ಅಂತ ಬರೀಬೇಡಿ.