ದುನ್ಯಾ ಅಂದರೆ ದುನಿಯಾ ಅಲ್ಲ: ಸೆವ್ದಾಲಿಂಕಾ ಕೇಳುವವರಿಗೆ ನನ್ನ ಟಿಪ್ಪಣಿ

ಮೂರು ವಾರದಿಂದ ಬೋಸ್ನಿಯಾ, ಸೆರ್ಬಿಯಾದ ಪ್ರೇಮಗೀತೆಗಳನ್ನು ಕೇಳುತ್ತಾ, ಜೊತೆಗೆ ಆ ಭಾಷೆಯನ್ನೂ ಸ್ವಲ್ಪ ಸ್ವಲ್ಪ ಕಲಿಯುತ್ತಿದ್ದೇನೆ. ಎಡವಿದ ಕಡೆ ನೋವು ಇನ್ನೂ ಹಸಿಯಾಗಿದೆ, ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.

ಮೊದಲು ಹೆಸರು. ಸರಾಯೆವೊ, ಮೋಸ್ತಾರ್‌ನಂಥ ಬೋಸ್ನಿಯಾದ ಪೇಟೆಗಳ ಹಳೆಯ ಪ್ರೇಮಗೀತೆಗೆ ಸೆವ್ದಾಲಿಂಕಾ ಅಂತಾರೆ. ಅದರೊಳಗಿನ ಕೊರಗಿಗೆ ಸೆವ್ದಾಹ್. ತುರ್ಕಿಯಲ್ಲಿ ಸೆವ್ದಾ ಅಂದರೆ ಪ್ರೀತಿ. ಅದರ ಮೂಲದ ಅರಬ್ಬಿ ಪದಕ್ಕೆ ಕಪ್ಪು ಪಿತ್ತ ಎಂಬ ಅರ್ಥ ಇದೆ. ಮನಸ್ಸು ಮಂಕಾಗುವುದಕ್ಕೆ ಅದೇ ಕಾರಣ ಅಂತ ಹಳೇ ಕಾಲದ ವೈದ್ಯರು ನಂಬಿದ್ದರು. 2024ರಲ್ಲಿ ಸೆವ್ದಾಲಿಂಕಾ ಯುನೆಸ್ಕೊ ಪಟ್ಟಿಗೂ ಸೇರಿತು.

ಈಗ ನನ್ನ ಅಡ್ಡದಾರಿ. ಬೋಸ್ನಿಯಾವನ್ನು 1463ರಿಂದ 1878ರವರೆಗೆ ಒಟ್ಟೋಮನ್ನರು ಆಳಿದರು. ಅವರ ಜೊತೆ ಪಾರಸಿ, ಅರಬ್ಬಿ ಪದಗಳು ರಾಶಿ ರಾಶಿ ಬಂದವು. ಅವೇ ಪದಗಳು ಬೇರೆ ದಾರಿ ಹಿಡಿದು ನಮ್ಮ ಕಡೆಗೂ ಬಂದಿವೆ ಅಲ್ವಾ? ಹಾಡಿನಲ್ಲಿ ಹುಡುಗಿ ಇರುವುದು ‘ಮಹಲಾ’ದಲ್ಲಿ, ಅಂದರೆ ಮೈಸೂರಿನ ಮಂಡಿ ಮೊಹಲ್ಲಾದ ಮೊಹಲ್ಲಾ. ಅವಳ ಹೂದೋಟ ‘ಬಾಷ್ಚಾ’, ಲಾಲ್‌ಬಾಗಿನ ಬಾಗ್ ಅದರ ಬೇರು. ಕಿಟಕಿ ಕೆಳಗೆ ನಿಂತವನು ‘ಆಶಿಕ್’, ಮದುವೆಗೆ ಅಡ್ಡ ಬರುವವರು ‘ದುಶ್ಮಾನಿ’. ಡಿಕ್ಷನರಿ ಇಲ್ಲದೆ ಅರ್ಧ ಕಥೆ ತಿಳಿಯಿತು ಅಂತ ಬೀಗಿದೆ. ಬಿದ್ದದ್ದೂ ಅಲ್ಲೇ.

‘ಝುತೆ ದುನ್ಯೆ’ ಅಂತ ಒಂದು ಹಾಡಿದೆ. ರೋಮನ್ ಲಿಪಿಯಲ್ಲಿ ನೋಡಿದಾಗ ಮೊದಲು ‘ದುಂಜೆ’ ಅಂತ ಓದಿದೆ. ಆಮೇಲೆ ಅವರ ಜೆ ಅಕ್ಷರ ಅಂದರೆ ನಮ್ಮ ಯ ಅಂತ ಗೊತ್ತಾಯಿತು. ಸರಿ, ದುನ್ಯೆ. ಮೂಲ ರೂಪ ದುನ್ಯಾ. ಆಹಾ, ನಮ್ಮ ದುನಿಯಾ! ‘ಝುತ್’ ಅಂದರೆ ಹಳದಿ, ಹಾಗಾಗಿ ‘ಹಳದಿ ದುನಿಯಾ’. ಹಾಡಿನ ಹುಡುಗಿ, ಕಾಯಿಲೆ ಬಿದ್ದ ಫಾತ್ಮಾ, ಇಸ್ತಾಂಬುಲ್‌ನಿಂದ ಒಂದು ಹಳದಿ ಲೋಕವನ್ನೇ ತರಲು ಕೇಳುತ್ತಾಳೆ, ಎಂಥಾ ಕವಿತ್ವ ಅಂತ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಗೀಚಿದ್ದೆ.

ಎಲ್ಲಾ ಸುಳ್ಳು. ದುನ್ಯಾ ಅಂದರೆ ಕ್ವಿನ್ಸ್ ಹಣ್ಣು. ಸೇಬು, ಪೇರಳೆ ಜಾತಿಗೆ ಹತ್ತಿರದ್ದು, ಹಣ್ಣಾದಾಗ ಹಳದಿ, ಘಮಘಮ ಅನ್ನುತ್ತದೆ. ಪದ ಬಂದದ್ದು ಗ್ರೀಕ್, ಲ್ಯಾಟಿನ್ ಕಡೆಯಿಂದ, ಅರಬ್ಬಿಗೂ ಅದಕ್ಕೂ ಸಂಬಂಧ ಇಲ್ಲ. ಕೊನೆಯ ‘ಆ’ ಬಹುವಚನದಲ್ಲಿ ‘ಎ’ ಆಗುತ್ತದೆ: ದುನ್ಯಾ, ದುನ್ಯೆ. ಪಾಪದ ಹುಡುಗಿ ಕೇಳಿದ್ದು ಬರೀ ಹಳದಿ ಹಣ್ಣು. ಹಾಗಾದರೆ ನಮ್ಮ ದುನಿಯಾ ಎಲ್ಲಿ ಹೋಯಿತು? ಅದು ಅಲ್ಲಿ ‘ದುನ್ಯಾಲುಕ್’ ಆಗಿದೆ, ತುರ್ಕಿ ಬಾಲ ಅಂಟಿಸಿಕೊಂಡು. ಆ ಬಾಲವನ್ನು ಬೇರೆ ಮಾಡಿ ಡಿಕ್ಷನರಿಯಲ್ಲಿ ಹುಡುಕಬೇಡಿ. ‘ಲುಕ್’ ಅಂದರೆ ಈರುಳ್ಳಿ! ಒಂದು ಸಂಜೆ ಪೂರ್ತಿ ನನಗೆ ಜಗತ್ತು ಅಂದರೆ ಕ್ವಿನ್ಸ್-ಈರುಳ್ಳಿ ಆಗಿತ್ತು.

ಅರ್ಥ ಸರಿಯಾದ ಮೇಲೆ ಹಾಡು ಇನ್ನೂ ಜಾಸ್ತಿ ತಾಗಿತು. ಹಣ್ಣು ತರಲು ಹೋದ ಪ್ರಿಯಕರ ಮೂರು ವರ್ಷ ಪತ್ತೆ ಇಲ್ಲ. ಹಣ್ಣು ಹಿಡಿದು ಬಂದಾಗ ಫಾತ್ಮಾಳನ್ನು ಚಟ್ಟದ ಮೇಲೆ ಹೊತ್ತು ಒಯ್ಯುತ್ತಿದ್ದಾರೆ. ದುಡ್ಡು ಕೊಡುತ್ತೇನೆ, ಕೆಳಗಿಳಿಸಿ, ಒಂದು ಸಲ ಮುಖ ತೋರಿಸಿ ಅಂತ ಬೇಡುತ್ತಾನೆ.

ಇನ್ನು ಗಾಯಕರು. ಜಾಯಿಮ್ ಇಮಾಮೊವಿಚ್ 1945ರಿಂದ ಸರಾಯೆವೊ ರೇಡಿಯೊದಲ್ಲಿ ಹಾಡಿದವರು. ಅವರ ಮೊಮ್ಮಗ ದಾಮಿರ್ ಈಗ ಹಾಡುತ್ತಿದ್ದಾರೆ. ಸಾಫೆತ್ ಇಸೊವಿಚ್, ಜೆಹ್ರಾ ದೆಯೊವಿಚ್ ಇಬ್ಬರನ್ನೂ ಕೇಳಲೇಬೇಕು. ನನಗೆ ಎಲ್ಲರಿಗಿಂತ ಇಷ್ಟ ಮೋಸ್ತಾರ್‌ನ ಹಿಮ್ಜೊ ಪೊಲೊವಿನಾ. ವೃತ್ತಿಯಲ್ಲಿ ಮನೋವೈದ್ಯ, ಕಪ್ಪು ಪಿತ್ತದ ಹಾಡಿಗೆ ಇದಕ್ಕಿಂತ ತಕ್ಕ ಗಾಯಕ ಬೇಕಾ! ದನಿ ಏರಿಸುವುದಿಲ್ಲ, ಅಳುವಂತೆ ನಟಿಸುವುದಿಲ್ಲ, ಒಂದೊಂದು ಸ್ವರವನ್ನು ನಿಧಾನ ಎಳೆಯುತ್ತಾರೆ. ಅವರು ಹಾಡಿದ ‘ಎಮಿನಾ’ ಜಾನಪದ ಅಂದುಕೊಂಡಿದ್ದೆ. ಅದು 1902ರಲ್ಲಿ ಮೋಸ್ತಾರ್‌ನ ಸೆರ್ಬ್ ಕವಿ ಅಲೆಕ್ಸಾ ಶಾಂತಿಚ್ ನೆರೆಮನೆಯ ಮುಸ್ಲಿಂ ಹುಡುಗಿಯ ಮೇಲೆ ಬರೆದ ಕವಿತೆ. ನಮ್ಮ ಲೆಕ್ಕದಲ್ಲಿ ಭಾವಗೀತೆ.

ಬೋಸ್ನಿಯಾದವರು ಯಾರು, ಸೆರ್ಬಿಯಾದವರು ಯಾರು ಅಂತ ಎರಡು ಪಟ್ಟಿ ಮಾಡಲು ಹೋಗಿ ಕೈಬಿಟ್ಟೆ. ಗಾಯಕಿ ಸಿಲ್ವಾನಾ ಅರ್ಮೆನುಲಿಚ್ ಹುಟ್ಟಿದ್ದು ಬೋಸ್ನಿಯಾದ ದೊಬೊಯ್‌ನಲ್ಲಿ, ಮೆರೆದದ್ದು ಸೆರ್ಬಿಯಾದ ಬೆಲ್‌ಗ್ರೇಡ್‌ನಲ್ಲಿ. ಅವರ ದೊಡ್ಡ ಹಾಡು ಬರೆದುಕೊಟ್ಟದ್ದು ಸೆರ್ಬಿಯಾದ ಕಫಾನಾ ಗಾಯಕ ತೋಮಾ ಜ್ದ್ರಾವ್ಕೊವಿಚ್. ಕಫಾನಾ ಅಂದರೆ ಕಾಫಿಯಿಂದ ಹೆಸರು ಬಂದ, ಕುಡಿತವೂ ಹಾಡೂ ನಡೆಯುವ ಜಾಗ. 1976ರ ಅಕ್ಟೋಬರ್‌ನಲ್ಲಿ ಕಾರು ಅಪಘಾತದಲ್ಲಿ ಸಿಲ್ವಾನಾ, ಅವರ ತಂಗಿ ಇಬ್ಬರೂ ತೀರಿಕೊಂಡರು. ಸಿಲ್ವಾನಾಗೆ ಆಗ ಬರೀ 37.

ದಕ್ಷಿಣ ಸೆರ್ಬಿಯಾದ ವ್ರಾನ್ಯೆ ಊರಿನ ಹಾಡುಗಳಿಗೆ ಸ್ತಾನಿಶಾ ಸ್ತೊಶಿಚ್‌ರಿಂದ ಶುರು ಮಾಡಿ. ಅಲ್ಲಿ ‘ದೆರ್ತ್’ ಎಂಬ ಪದ ಸಿಗುತ್ತದೆ. ಇದು ಮಾತ್ರ ಖಂಡಿತ ನೋವು ಅನ್ನುವ ಅರ್ಥದ ನಮ್ಮ ದರ್ದೇ, ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡೆ. ಜೊತೆಗೆ ‘ಕರಸೆವ್ದಾಹ್’ ಅಂತ ಇನ್ನೊಂದಿದೆ. ತುರ್ಕಿಯಲ್ಲಿ ಕರ ಅಂದರೆ ಕಪ್ಪು, ಸೆವ್ದಾದ ಬೇರಿನಲ್ಲಿ ಆಗಲೇ ಕಪ್ಪು ಇದೆ. ಕಪ್ಪಿನ ಮೇಲೆ ಕಪ್ಪು, ನಾವು ‘ಗೇಟು ಬಾಗಿಲು’ ಅನ್ನುವ ಹಾಗೆ.