ಇನಿಟ್ ಸ್ಕ್ರಿಪ್ಟ್‌ನಿಂದ ಯೂನಿಟ್ ಫೈಲ್‌ಗೆ: ಲಿನಕ್ಸ್‌ನ ಹಳೇ ಜಗಳ

ಲಿನಕ್ಸ್ ಸರ್ವರ್‌ನಲ್ಲಿ ಒಂದು ಸರ್ವಿಸ್ (ಹಿನ್ನೆಲೆಯಲ್ಲಿ ಓಡುತ್ತಿರುವ ಪ್ರೋಗ್ರಾಂ) ಶುರು ಮಾಡುವುದು ಹೇಗೆ ಅಂತ ಹುಡುಕಿದರೆ ಮೂರು ಥರದ ಉತ್ತರ ಸಿಗುತ್ತದೆ. ಇನಿಟ್.ಡಿ ಫೋಲ್ಡರಿನ ಸ್ಕ್ರಿಪ್ಟ್ ಓಡಿಸಿ ಅನ್ನುತ್ತಾರೆ ಒಬ್ಬರು. 'ಸರ್ವಿಸ್' ಕಮಾಂಡ್ ಕೊಡಿ ಅನ್ನುತ್ತಾರೆ ಇನ್ನೊಬ್ಬರು. ಅದೆಲ್ಲ ಬಿಡಿ, 'ಸಿಸ್ಟಮ್‌ಸಿಟಿಎಲ್' ಬಳಸಿ ಅನ್ನುತ್ತಾರೆ ಮತ್ತೊಬ್ಬರು. ಹೊಸಬರಿಗೆ ತಲೆ ಕೆಡದೆ ಇರುತ್ತದಾ?

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಎದ್ದ ಕೂಡಲೇ ಓಡುವ ಮೊದಲ ಪ್ರೋಗ್ರಾಂ ಇನಿಟ್. ಉಳಿದದ್ದನ್ನೆಲ್ಲ ಎಬ್ಬಿಸುವುದು ಅದರ ಕೆಲಸ. ಹಳೆಯ ಯುನಿಕ್ಸ್‌ನಲ್ಲಿ 'ಆರ್‌ಸಿ' ಅನ್ನುವ ಶೆಲ್ ಸ್ಕ್ರಿಪ್ಟ್ (ಕಮಾಂಡ್ ಓಡಿಸುವ ಶೆಲ್ ಪ್ರೋಗ್ರಾಂಗೆ ಬರೆದಿಟ್ಟ ಕಮಾಂಡ್‌ಗಳ ಫೈಲ್) ಇದನ್ನು ನಡೆಸುತ್ತಿತ್ತು. 1983ರ ಸಿಸ್ಟಮ್ ಫೈವ್ ಯುನಿಕ್ಸ್‌ನ ವಂಶದಲ್ಲಿ ಸರ್ವಿಸ್‌ಗೊಂದು ಸ್ಕ್ರಿಪ್ಟ್ ಆಯಿತು. ಲಿನಕ್ಸ್‌ನ ಹೆಚ್ಚಿನ ಡಿಸ್ಟ್ರೋಗಳು (ಉಬುಂಟು, ಡೆಬಿಯನ್, ಫೆಡೋರಾದಂಥ ಲಿನಕ್ಸ್‌ನ ಬಗೆಗಳು) ಅದನ್ನೇ ಎತ್ತಿಕೊಂಡವು.

ಆ ಸ್ಕ್ರಿಪ್ಟ್‌ಗಳ ದೊಡ್ಡ ಗುಣ, ಎಲ್ಲವೂ ಕಣ್ಣೆದುರಿಗೇ ಇತ್ತು. ವಿಐ ಎಡಿಟರ್‌ನಲ್ಲಿ ತೆರೆದು, ನಡುವೆ ಸಂದೇಶ ತೋರಿಸುವ ಒಂದು 'ಎಕೋ' ಸೇರಿಸಿದರೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಗೊತ್ತಾಗುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ ಬಹಳಷ್ಟು ಸ್ಕ್ರಿಪ್ಟ್‌ಗಳು ಒಂದರ ಕಾಪಿ ಇನ್ನೊಂದು. ನೂರು ಸಾಲಲ್ಲಿ ಬದಲಾಗುತ್ತಿದ್ದದ್ದು ನಾಲ್ಕೈದು. ಓಡುತ್ತಿರುವ ಪ್ರೋಗ್ರಾಂನ ನಂಬರ್ ಬರೆದಿಡುವ ಪಿಐಡಿ ಫೈಲ್‌ನ ಕಾಟ ಬೇರೆ. ಸರ್ವಿಸ್ ಸತ್ತುಹೋದರೂ ಅದರ ನಂಬರ್ ಬರೆದ ಫೈಲ್ ಹಾಗೇ ಉಳಿಯುತ್ತಿತ್ತು. ಆಮೇಲೆ ಅದೇ ನಂಬರ್ ಬೇರೆ ಪ್ರೋಗ್ರಾಂಗೆ ಸಿಕ್ಕಿದ್ದರೆ, ಸರಿಯಾಗಿ ಬರೆಯದ 'ಸ್ಟಾಪ್' ಆ ಪಾಪದ ಪ್ರೋಗ್ರಾಂ ಅನ್ನೇ ಕೊಲ್ಲುತ್ತಿತ್ತು. ಇನ್ನೊಂದು ತಮಾಷೆ: ಕೈಯಿಂದ ಓಡಿಸಿದರೆ ಸ್ಕ್ರಿಪ್ಟ್ ಚೆನ್ನಾಗಿ ನಡೆಯುತ್ತದೆ, ಬೂಟ್ ಆಗುವಾಗ ಕೈಕೊಡುತ್ತದೆ. ಯಾಕೆಂದರೆ ಬೂಟ್ ಹೊತ್ತಿಗೆ ನಿಮ್ಮ 'ಪಾಥ್' (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಅಲ್ಲಿ ಇರುವುದಿಲ್ಲ! 2006ರಲ್ಲಿ ಉಬುಂಟು ವೇಗಕ್ಕಾಗಿ 'ಎಸ್‌ಎಚ್' ಹೆಸರಿನ ಹಿಂದೆ ಬ್ಯಾಶ್ ಅನ್ನುವ ಶೆಲ್ ಬದಲು ಡ್ಯಾಶ್ ಅನ್ನುವ ಶೆಲ್ ಇಟ್ಟಾಗ, ಬ್ಯಾಶ್‌ನ ಚಾಳಿ ನೆಚ್ಚಿಕೊಂಡಿದ್ದ ಸ್ಕ್ರಿಪ್ಟ್‌ಗಳು ಮುಗ್ಗರಿಸಿದವು.

ಈ ಸ್ಕ್ರಿಪ್ಟ್‌ಗಳ ಬದಲಿಗೆ 2005ರಲ್ಲಿ ಆಪಲ್ ಲಾಂಚ್‌ಡಿ ತಂದಿತು, ಸೋಲಾರಿಸ್ ಅನ್ನುವ ಯುನಿಕ್ಸ್ ಎಸ್‌ಎಂಎಫ್ ತಂದಿತು. ಮರುವರ್ಷ ಉಬುಂಟುವಿನಲ್ಲಿ ಅಪ್‌ಸ್ಟಾರ್ಟ್. 2010ರಲ್ಲಿ ಸಿಸ್ಟಮ್‌ಡಿ ಬಂತು (ಮೊದಲು ಹೇಳಿದ 'ಸಿಸ್ಟಮ್‌ಸಿಟಿಎಲ್' ಇದರದೇ ಕಮಾಂಡ್), 2011ರಲ್ಲಿ ಫೆಡೋರಾ 15 ಅದನ್ನು ಒಪ್ಪಿಕೊಂಡಿತು. ಏನು ಓಡಬೇಕು, ಯಾವುದರ ನಂತರ, ಬಿದ್ದರೆ ಮತ್ತೆ ಎಬ್ಬಿಸಬೇಕಾ: ಅದರ ಯೂನಿಟ್ ಫೈಲ್ ಅನ್ನುವ ಸೆಟ್ಟಿಂಗ್ ಫೈಲ್‌ನಲ್ಲಿ ಹತ್ತು ಸಾಲು ಬರೆದರೆ ಸಾಕು. ಯಾವ ಪ್ರೋಗ್ರಾಂ ಯಾವ ಸರ್ವಿಸ್‌ನದು ಅನ್ನುವ ಲೆಕ್ಕ, ಪ್ರೋಗ್ರಾಂಗಳನ್ನು ಗುಂಪು ಮಾಡಿಡುವ ಕರ್ನಲ್‌ನ ಸಿಗ್ರೂಪ್‌ನಲ್ಲಿ ಇರುವುದರಿಂದ ಪಿಐಡಿ ಫೈಲ್‌ನ ಕಾಟ ಬಹುಮಟ್ಟಿಗೆ ತಪ್ಪಿತು.

ಇಷ್ಟೇ ಆಗಿದ್ದರೆ ಜಗಳ ಇಷ್ಟು ಬೆಳೆಯುತ್ತಿರಲಿಲ್ಲವೇನೋ. ಲಾಗ್, ಲಾಗಿನ್, ನೆಟ್‌ವರ್ಕ್, ಟೈಮ್ ಹೊಂದಿಸುವುದು ಎಲ್ಲವೂ ಅದೇ ಪ್ರಾಜೆಕ್ಟ್‌ನ ಕೆಳಗೆ ಬರತೊಡಗಿದವು. ಲಾಗ್ ಸಾದಾ ಅಕ್ಷರದ ಫೈಲ್ ಬದಲು ಬೈನರಿ ಆಗಿ, ಅದನ್ನು ಗ್ರೆಪ್ ಮಾಡುವ (ಅದರಲ್ಲಿ ಪದ ಹುಡುಕುವ) ಮೊದಲು ಬೇರೊಂದು ಕಮಾಂಡ್ ಬೇಕಾಯಿತು. ಆಗ ಸಿಟ್ಟಾದವರನ್ನು ಹಳೇ ಕಾಲದವರು ಅಂತ ಸುಮ್ನೆ ತಳ್ಳಿಹಾಕುವುದು ಸರಿಯಲ್ಲ.

2014ರ ಫೆಬ್ರವರಿಯಲ್ಲಿ ಯಾವ ಇನಿಟ್ ಇರಬೇಕು ಅನ್ನುವ ವಿಷಯದಲ್ಲಿ ಡೆಬಿಯನ್‌ನ ಎಂಟು ಜನರ ತಾಂತ್ರಿಕ ಸಮಿತಿ ಸಮ ಸಮ ಒಡೆಯಿತು. ಅಧ್ಯಕ್ಷರ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಅದೇ ವರ್ಷ ಒಂದು ಗುಂಪು ಸಿಸ್ಟಮ್‌ಡಿ ಇಲ್ಲದ ದೇವುವಾನ್ ಅಂತ ಬೇರೆ ಡಿಸ್ಟ್ರೋ ಘೋಷಿಸಿತು. 2019ರಲ್ಲಿ ಡೆಬಿಯನ್ ಇದೇ ವಿಷಯಕ್ಕೆ ಮತ್ತೆ ಮತ ಹಾಕಿತು. ಆಲ್ಪೈನ್ ಡಿಸ್ಟ್ರೋ ಇಂದಿಗೂ ಓಪನ್‌ಆರ್‌ಸಿ ಅನ್ನುವ ಬೇರೆ ವ್ಯವಸ್ಥೆ ಬಿಟ್ಟಿಲ್ಲ, ಸ್ಲ್ಯಾಕ್‌ವೇರ್ ಡಿಸ್ಟ್ರೋ ತನ್ನ ಆರ್‌ಸಿ ಸ್ಕ್ರಿಪ್ಟ್ ಬಿಟ್ಟಿಲ್ಲ.

ಯೂನಿಟ್ ಫೈಲ್‌ನಲ್ಲಿ ಏನು ಓಡಬೇಕು ಅಂತ ಹೇಳುವ 'ಎಕ್ಸೆಕ್‌ಸ್ಟಾರ್ಟ್' ಸಾಲು ಶೆಲ್ ಮೂಲಕ ಓಡುವುದಿಲ್ಲ, ಹಾಗಾಗಿ ಅಲ್ಲಿ ಪೈಪ್ (ಒಂದು ಕಮಾಂಡ್‌ನ ಔಟ್‌ಪುಟ್ ಇನ್ನೊಂದಕ್ಕೆ ಕೊಡುವುದು) ನಡೆಯುವುದಿಲ್ಲ. ಪೈಪ್ ಬೇಕಾದವರು ಆ ಸಾಲಿನಲ್ಲಿ ಒಂದು ಶೆಲ್ ಸ್ಕ್ರಿಪ್ಟ್‌ನ ಹೆಸರು ಬರೆದು ಕೆಲಸ ಮುಗಿಸುತ್ತಾರೆ.